ಅಮಾವಾಸ್ಯೆಯ ದಿನ ಪಾಸಾದ ಗೀಜರ್

ಆ ಬಚ್ಚಲದ ನಳ ನನ್ನಿಂದ ಒಂದು ಹೊಸ ಗೀಜರ್ ಮತ್ತು ಒಂದು ರೇಷ್ಮೆ ಸೀರೆ ವಸೂಲು ಮಾಡಿತು. ಗೀಜರ್ ಹೋದದ್ದು ಪರೀಕ್ಷೆಯನ್ನು ತಪ್ಪು ದಿನ ಮಾಡಿಸಿದ್ದಕ್ಕೆ. ಸೀರೆ ಹೋದದ್ದು ಒಬ್ಬ ಮುದುಕಿಗೆ. ಆಕೆ ಕೇಳಿರಲಿಲ್ಲ, ನಾನೇ ಕೊಟ್ಟೆ, ಕೊಟ್ಟ ಮೇಲೆ ಆಕೆ ಅದರಲ್ಲೂ ಚೌಕಾಶಿ ಮಾಡಿದಳು. ಸೀರೆ ಮಾರಿ ಹೊಟ್ಟೆ ಹೊರೆಯುವವನ ಗಂಟಿನಿಂದ ಸೀರೆಯೊಂದು ಪುಕ್ಕಟೆ ಹೊರಬೀಳಬೇಕಾದರೆ ಕಾರಣ ಗಟ್ಟಿ ಇರಬೇಕು. ಇತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಇಳಕಲ್ಲಿನ ನೇಕಾರರ ಮನೆಗಳಲ್ಲಿ ಸೀರೆ ಎತ್ತಿ, ಗಂಟು ಕಟ್ಟಿ, ಬಸ್ಸಿನ ಮೇಲೆ ಹಾಕಿಕೊಂಡು ಹುನಗುಂದ, ಬಾಗಲಕೋಟೆ, ಬಾದಾಮಿಯ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಧಂದೆ. ಹುಟ್ಟಿದ್ದು ಗುಡೂರಿನಲ್ಲಿ. ಅಪ್ಪ-ಅವ್ವ ಬೇಗ ಹೋದರು. ಅಂಗಡಿಕಾರರ ಮುಂದೆ ಬಾಯಿ ಬಿಡಲು ಕಲಿತದ್ದರಿಂದಲೇ ನಾನೂ ಉಂಡೆ, ತಂಗಿಯನ್ನೂ ಬಾದಾಮಿ ಕಡೆಗೆ ಕೊಟ್ಟು ಮದುವೆ ಮಾಡಿದೆ. ಆಕೆಗೆ ತವರು ಅಂದರೆ ನಾನೇ. ಚೊಚ್ಚಲ ಬಾಣಂತನಕ್ಕೆ ಆಕೆ ನನ್ನ ಮನೆಗೇ ಬರಬೇಕು. ನಮ್ಮದೋ ಒಂದೇ ಖೋಲಿ, ಬಚ್ಚಲು ನಾಲ್ಕು ಮನೆಯವರಿಗೆ ಕೂಡಿ ಒಂದು. ಹೆಂಡತಿ ಹೇಳಿದಳು: "ಬಾಣಂತೀನ ಎಲ್ಲಿ ಕುಂದರಿಸಿ ಎರೀಲಿ? ಓಣ್ಯಾಗ?"

ಅದಕ್ಕೇ ಹೊಸ ಮನೆ ಹುಡುಕಿದ್ದು. ಸಿಕ್ಕಿದ್ದು ಒಬ್ಬ ಮಗ್ಗದ ಮಾಲಕನ ಮಾಳಿಗೆಯ ಮೇಲಿನ ಮನೆ. ಕೆಳಗೆ ಸಾಲಾಗಿ ನಾಲ್ಕು ಪವರ್‌ಲೂಮ್, ಹಿಂದೆ ಅವನ ಸಂಸಾರ, ಮೇಲೆ ಬಾಡಿಗೆಗೆ ಎರಡು ಖೋಲಿ, ಅಡುಗೆಮನೆ, ಒಳಗೇ ಬಚ್ಚಲು. ದವಾಖಾನೆಯೂ ಅದೇ ರಸ್ತೆಯಲ್ಲಿ. ಮಾಲಕ ಹೊಸ ಅಳಿಯನಿಗೆ ತೋರಿಸಿದಂತೆ ಒಂದೊಂದನ್ನೇ ಮುಟ್ಟಿ ತೋರಿಸಿದ. "ಗೀಜರ್ ಐತ್ರಿ, ಫ್ರಿಜ್ ಐತ್ರಿ, ಫ್ಯಾನ್ ಅದಾವ್ರಿ. ಇಳಕಲ್ಲಾಗ ಇಂಥಾ ಮನಿ ಹುಡುಕ್ರಿ ನೋಡೂಣು."

ನಾನು ಫ್ರಿಜ್ಜಿನ ಬಾಗಿಲು ಎಳೆದೆ. ಅದು ಬಂತು, ಆದರೆ ಮತ್ತೆ ಮುಚ್ಚಿಕೊಳ್ಳಲಿಲ್ಲ. ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದೆ. ಅದು ಎಷ್ಟು ತಿರುಗಿದರೂ ಫ್ಯಾನಿಗೆ ಗೊತ್ತಿದ್ದದ್ದು ಒಂದೇ ವೇಗ, ಬಿರುಗಾಳಿ. ನನ್ನೊಳಗಿನ ವ್ಯಾಪಾರಿ ಖುಷಿಯಾದ. ಕುಂದು ಕಂಡಲ್ಲಿ ದರ ಇಳಿಯುತ್ತದೆ.

"ಮಾಲಕ್ರ, ಇವು ಸಾಮಾನಲ್ಲ, ಸಾಮಾನಿನ ಫೋಟೋ," ಎಂದೆ.

"ಹಂಗಾರ ನೀವ ಹೇಳ್ರಿ."

"ಬಾಡಿಗಿ ಇಳಸ್ರಿ. ಇವು ಇದ್ದಂಗ ಇರಲಿ. ರಿಪೇರಿ ಅಂತ ನಿಮ್ಮ ಬಾಗಲಿಗೆ ನಾ ಬರೂದಿಲ್ಲ."

ಆತ ಗಲ್ಲ ಕೆರೆದುಕೊಂಡು, ಮೂರು ಸಲ ಆಗುವುದಿಲ್ಲ ಅಂದು, ನಾಲ್ಕನೆಯ ಸಲ ಕೈ ಕೊಟ್ಟ. ಮೆಟ್ಟಿಲು ಇಳಿಯುವಾಗ ನನಗೆ ಗೆದ್ದ ಪೈಲ್ವಾನನ ನಡಿಗೆ ಬಂದಿತ್ತು. ಫ್ರಿಜ್ಜಿನ ಬಾಗಿಲಿಗೆ ಸೀರೆಯ ಅಂಚಿನ ತುಂಡು ಸುತ್ತಿ ಕಟ್ಟಿದೆವು. ಫ್ಯಾನನ್ನು ಬಂದ್ ಇಟ್ಟೆವು. ಬಾಣಂತಿಯ ಕೋಣೆಗೆ ಗಾಳಿ ಹೇಗೂ ಬೇಡ.

ಗೀಜರ್ ಒಂದನ್ನು ಮಾತ್ರ ನಾನು ಅವತ್ತು ನೋಡಿರಲಿಲ್ಲ.

ಮನೆ ಹೊಕ್ಕ ಮರುದಿನ ಮುಂಜಾನೆ ಬಚ್ಚಲದಲ್ಲಿ ಕೊಡ ಬಿದ್ದ ಸದ್ದು. ಓಡಿದೆ. ಹೆಂಡತಿ ಗೋಡೆಗೆ ಆತು ನಿಂತಿದ್ದಳು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು.

"ನಳ ಮುಟ್ಟಬ್ಯಾಡ್ರಿ! ಕರೆಂಟ್ ಹೊಡೀತು."

ನಾನು ಬೆರಳ ತುದಿಯಿಂದ ತಾಗಿಸಿದೆ. ಮೊಣಕೈವರೆಗೆ ಯಾರೋ ಚಾಟಿ ಬೀಸಿದಂತಾಯಿತು. ಗೀಜರಿನ ಗುಂಡಿ ಬಂದ್ ಮಾಡಿ ಒಣ ಬಟ್ಟೆ ಸುತ್ತಿ ಮುಟ್ಟಿದೆ, ಏನೂ ಇಲ್ಲ. ಬಟ್ಟೆ ತೆಗೆದು ಮುಟ್ಟಿದೆ. ಮತ್ತೆ ಹೊಡೆಯಿತು. ಗುಂಡಿ ಬಂದ್ ಇದ್ದರೂ ಹೊಡೆಯುತ್ತದೆಂದರೆ ಗುಂಡಿಯೂ ಕೆಟ್ಟಿದೆ ಅಂತ ನಾನು ಲೆಕ್ಕ ಹಾಕಿದೆ. ಗೀಜರಿನ ಮೇಲೆ ನನಗೆ ಅಷ್ಟು ಗುಮಾನಿ. ನೀರನ್ನು ಸ್ಟೋವಿನ ಮೇಲೆ ಕಾಸಬಹುದಿತ್ತು, ಖರೆ. ಆದರೆ ಹಿಡಿಯಬೇಕಾದದ್ದು ಅದೇ ನಳದಲ್ಲಿ. ಅದೇ ಹಸಿ ನೆಲದ ಮೇಲೆ ಕುಳಿತು ಬಾಣಂತಿಗೂ ಕೂಸಿಗೂ ಎರೆಯಬೇಕು. ತಂಗಿಗೆ ದಿನ ತುಂಬುತ್ತಿದ್ದವು.

ಕೆಳಗಿಳಿದು ಹೋದೆ. ನಾಲ್ಕು ಮಗ್ಗ ಒಟ್ಟಿಗೆ ಬಡಿಯುವ ಕೋಣೆಯಲ್ಲಿ ಗುಟ್ಟಿನ ಮಾತು ಸಾಧ್ಯವಿಲ್ಲ. ಎಲ್ಲವನ್ನೂ ಒದರಬೇಕು.

"ಮಾಲಕ್ರ, ನಳದಾಗ ಕರೆಂಟ್ ಐತಿ!"

"ಆಂ?"

"ಕರೆಂಟ್! ನಳದಾಗ!"

ಆತ ನನ್ನನ್ನು ಹೊರಗೆ ಕರೆತಂದು ಶಾಂತವಾಗಿ ಹೇಳಿದ: "ಇದ್ದಂಗ ಇರಲಿ ಅಂದವರು ಯಾರ್ರಿ ಸಾವ್ಕಾರ್ರ? ನಾನಾ?"

ನನ್ನದೇ ಮಾತನ್ನು ನನ್ನ ಕೊರಳಿಗೆ ಕಟ್ಟಿದ. "ಬಾಗಿಲು ಮುಚ್ಚದ ಫ್ರಿಜ್ಜಿಗೆ ಆ ಮಾತು ಹೇಳೀನ್ರಿ. ಜೀವಕ್ಕ ಹೇಳಿಲ್ಲ. ಬಸರ ಹೆಂಗಸು ಬರಾಕಿ ಅದಾಳ ಮನಿಗೆ," ಅಂದೆ.

ಆತ ಕೆಟ್ಟ ಮನುಷ್ಯನೇನಲ್ಲ. ಲಗ್ನಸರಾಯಿ, ಅಂದರೆ ಮದುವೆಗಳ ಹಂಗಾಮು, ಹತ್ತಿರ ಬಂದಿತ್ತು, ಮಗ್ಗಗಳ ಮೇಲೆ ಒಪ್ಪಿಕೊಂಡ ಮಾಲಿತ್ತು, ಅಷ್ಟೇ. ಸ್ವಲ್ಪ ಯೋಚಿಸಿ ಅಂದ: "ಆತು, ವೈರ್‌ಮನ್ನನ್ನ ಕರಸ್ತೇನಿ. ಆದ್ರ ನನಗ ಪುರಸೊತ್ತು ಅಮಾಸಿಗೆ. ಅವತ್ತು ಮಗ್ಗ ಬಂದ್ ಇರ್ತಾವ."

ಅಮಾವಾಸ್ಯೆ ನಮ್ಮ ನೇಕಾರರ ರವಿವಾರ. ಅವತ್ತು ಮಗ್ಗಕ್ಕೆ ಪೂಜೆ, ಮನುಷ್ಯರಿಗೆ ಹೋಳಿಗೆ. ಓಣಿಗೆ ಓಣಿಯೇ ಕಿವಿಯಿಂದ ಹತ್ತಿ ತೆಗೆದಂತೆ ಸುಮ್ಮನಿರುತ್ತದೆ. ನಾನು ಒಪ್ಪಿದೆ. ಅಲ್ಲಿಯತನಕ ನನ್ನ ರಬ್ಬರ್ ಚಪ್ಪಲಿ ಹಾಕಿಕೊಂಡು ನೀರು ಹಿಡಿ ಅಂತ ಹೆಂಡತಿಗೆ ಹೇಳಿದೆ. "ಜಳಕದ ನೀರಿಗೆ ಚಪ್ಪಲ್ ಹಾಕ್ಕೊಂಡು ಹೋಗಬೇಕಾ? ನಮ್ಮವ್ವ ಕೇಳಿದ್ರ ಸಾಯ್ತಾಳ," ಅಂದಳು. ಆದರೂ ಹಾಕಿಕೊಂಡಳು.

ಅಮಾವಾಸ್ಯೆಯ ದಿನ ವೈರ್‌ಮನ್ ಬಂದ, ಅವನ ಹಿಂದೆ ಹೋಳಿಗೆ ಉಂಡ ಸುಖದಲ್ಲಿ ಮಾಲಕ. ವೈರ್‌ಮನ್ ನಳಕ್ಕೆ ಟೆಸ್ಟರ್ ಹಚ್ಚಿದ. ದೀಪ ಹತ್ತಲಿಲ್ಲ. ಗೀಜರ್ ಚಾಲೂ ಮಾಡಿ ಹಚ್ಚಿದ. ಇಲ್ಲ. ಪೈಪಿಗೆ, ಗೀಜರಿನ ಮೈಗೆ, ಎಲ್ಲೆಲ್ಲೂ ಇಲ್ಲ. ಮಾಲಕ ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿ, ಹಸಿ ನೆಲದ ಮೇಲೆ ನಿಂತು ನಳವನ್ನು ಮುಷ್ಟಿಯಲ್ಲಿ ಹಿಡಿದ. ದನ ಕೊಳ್ಳುವವನು ಕೋಡು ಹಿಡಿದಂತೆ ಹಿಡಿದು ಅಲ್ಲಾಡಿಸಿದ.

"ಎಲ್ಲೈತ್ರಿ ಕರೆಂಟ್?"

"ನಿನ್ನಿ ತನಕ ಇತ್ತು."

"ಅದಕ್ಕೂ ಅಮಾಸಿ ಸೂಟಿ ಇರಬೇಕು," ಅಂದು ನಕ್ಕ. ವೈರ್‌ಮನ್ನೂ ನಕ್ಕ. ಒಳಗಿನಿಂದ ನನ್ನ ಹೆಂಡತಿ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟಳು. ಆ ನಗೆಯಲ್ಲೇ ಉತ್ತರವಿತ್ತು. ನಮ್ಮಲ್ಲಿ ಯಾರಿಗೂ ಅದು ಕೇಳಿಸಲಿಲ್ಲ.

ಮರುದಿನ ಮುಂಜಾನೆ ನಳ ಮತ್ತೆ ಹೊಡೆಯಿತು. ಈ ಸಲ ಕೆಳಗೆ ಹೋದರೆ ನಗೆಪಾಟಲು. ಬಾಗಲಕೋಟೆಗೆ ಹೋದವನು ಹೊಸ ಗೀಜರ್ ಕೊಂಡೆ. ಬಸ್ಸಿನಲ್ಲಿ ಸೀಟು ಸಿಗದೆ, ಹುನಗುಂದದವರೆಗೆ ಅದನ್ನು ಕೂಸಿನಂತೆ ಎದೆಗವಚಿ ನಿಂತೇ ಬಂದೆ. ವೈರ್‌ಮನ್ ಅದನ್ನು ಕೂಡಿಸಿದಾಗ ದೀಪ ಹಚ್ಚುವ ಹೊತ್ತು, ಮಗ್ಗಗಳು ನಿಂತಿದ್ದವು. ನಳ ಮುಟ್ಟಿ ನೋಡಿದೆ. ಏನೂ ಇಲ್ಲ. ಹೆಂಡತಿಯೂ ಮುಟ್ಟಿದಳು, ಏನೂ ಇಲ್ಲ. ಬಾದಾಮಿಯಿಂದ ಬಂದವಳೇ ನಮ್ಮ ರಸ್ತೆಯ ದವಾಖಾನೆ ಸೇರಿದ್ದ ತಂಗಿಗೆ ಗಂಡು ಕೂಸು ಅಂತ ಅವತ್ತೇ ಸುದ್ದಿ. ಗೀಜರ್ ಹೋದರೆ ಹೋಗಲಿ, ಬಚ್ಚಲು ತಯಾರಾಯಿತಲ್ಲ ಅಂತ ಸಮಾಧಾನಪಟ್ಟೆ.

ಮಾರನೆಯ ಮುಂಜಾನೆ ಹೆಂಡತಿ ನನ್ನ ಎದುರಿಗೆ ಬಂದು ಕೈ ತೋರಿಸಿದಳು. ನಳ ಮತ್ತೆ ಹೊಡೆದಿತ್ತು. ಹೊಸ ಗೀಜರ್ ನಂಬಿ ಆಕೆ ರಬ್ಬರ್ ಚಪ್ಪಲಿ ಬಿಟ್ಟು ಹೋಗಿದ್ದಳು.

ತಂಗಿ ಮತ್ತು ಕೂಸು ಮನೆಗೆ ಬಂದ ದಿನ ಮೆಟ್ಟಿಲ ಬುಡದಲ್ಲೇ ಮಾಲಕನ ಅವ್ವ ನಿಂತಿದ್ದಳು. ಓಣಿಗೆಲ್ಲ ಆಕೆ ಆಯಿ. ಹುಟ್ಟಿದಾಗಿನಿಂದ ಮಗ್ಗದ ಸದ್ದು ಕೇಳಿ ಕೇಳಿ ಕಿವಿ ಹೋಗಿತ್ತು. ಕೈ ಮಾತ್ರ ಹೋಗಿರಲಿಲ್ಲ. ಆ ಓಣಿಯ ಎಷ್ಟೋ ಕೂಸುಗಳ ಮೂಗು ತೀಡಿ ಉದ್ದ ಮಾಡಿದವಳು, ಕಾಲು ನೀವಿ ನೆಟ್ಟಗೆ ಮಾಡಿದವಳು ಆಕೆ. ಕೂಸಿನ ಮುಸುಕು ಸರಿಸಿ ನೋಡಿ ಅಂದಳು: "ಮಾವನ ಮೂಗು ಬಂದೈತಿ ಇದಕ್ಕ, ಪಾಪ. ನಾಳಿಂದ ನಾ ಎರೀತೇನಿ. ಸರಿ ಮಾಡೂಣು."

ತಂಗಿಗೆ ಅಳುವಷ್ಟು ಸಂತೋಷ. ಅವ್ವ ಇಲ್ಲದ ಬಾಣಂತಿಗೆ ಎರೆಯುವ ಕೈ ಸಿಕ್ಕಿತ್ತು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಅಂದರೂ ಆಯಿಗೆ ಕೇಳುತ್ತಿರಲಿಲ್ಲ. ಎರೆಯುವವರು ಬಚ್ಚಲದ ನೆಲದ ಮೇಲೆ ಕಾಲು ಚಾಚಿ ಕುಳಿತು, ಕಾಲ ಮೇಲೆ ಕೂಸನ್ನು ಅಂಗಾತ ಹಾಕಿಕೊಂಡು, ಪಕ್ಕದ ನಳ ತಿರುವುತ್ತ ನೀರು ಹದ ಮಾಡುತ್ತಾರೆ. ಮುದುಕಿಯ ಬರಿಗಾಲು, ಹಸಿ ನೆಲ, ಮೇಲೆ ಎಣ್ಣೆ ಹಚ್ಚಿದ ಕೂಸು, ಕೈಯಲ್ಲಿ ನಳ. ಇದನ್ನು ನೆನೆದು ನನಗೆ ಊಟ ಸೇರಲಿಲ್ಲ.

ಬೇರೆ ಮನೆ ನೋಡೋಣವೆಂದರೆ ಹೆಂಡತಿ, "ಹಸಿ ಬಾಣಂತೀನ ಮನಿ ಬದಲಸ್ತಾರೇನ್ರಿ?" ಅಂದಳು. ವೈರ್‌ಮನ್ ಮತ್ತೆ ಬರಲಿಲ್ಲ. ಎಲ್ಲ ನೋಡಿ ಕೊಟ್ಟಾಗಿದೆ ಅಂತ ಹೇಳಿ ಕಳಿಸಿದ.

ಹಾಗಾಗಿ ಮರುದಿನ ಮುಂಜಾನೆ ನಾನೇ ಒಂದು ಟೆಸ್ಟರ್ ತಂದು ಬಚ್ಚಲು ಹೊಕ್ಕೆ. ಮಣೆಯ ಮೇಲೆ ನಿಂತು ನಳಕ್ಕೆ ಹಚ್ಚಿದೆ. ಸಣ್ಣ ಕೆಂಪು ದೀಪ ಹತ್ತಿತು. ಗೀಜರಿನ ವೈರನ್ನೇ ಕಿತ್ತು ಹಾಕಿದೆ. ದೀಪ ಹತ್ತಿಯೇ ಇತ್ತು. ಬುದ್ಧಿ ಓಡದೆ ಹಾಗೇ ಹಿಡಿದು ನಿಂತಿದ್ದೆ. ಒಮ್ಮೆಲೆ ದೀಪ ಆರಿತು. ನಾನು ಏನೂ ಮಾಡಿರಲಿಲ್ಲ. ಟೆಸ್ಟರ್ ಸರಿಯಾಗಿ ಒತ್ತಿದೆ, ಇಲ್ಲ. ಬಚ್ಚಲದ ಬಲ್ಬು ಉರಿಯುತ್ತಿದೆ, ಮನೆಯಲ್ಲಿ ಕರೆಂಟಿದೆ. ಮತ್ತೆ ಹತ್ತಿತು.

ಆಗ ಕಿವಿಗೆ ಬಂತು. ಕೆಳಗಿನ ಬಡಿತ ಈಗಷ್ಟೇ ತೆಳ್ಳಗಾಗಿ ಮತ್ತೆ ದಪ್ಪಗಾಗಿತ್ತು. ಯಾವುದೋ ಮಗ್ಗದಲ್ಲಿ ಎಳೆ ಹರಿದಿರಬೇಕು. ಮೋಟರ್ ಬಂದ್ ಮಾಡಿ, ಗಂಟು ಹಾಕಿ, ಚಾಲೂ ಮಾಡಿದ್ದರು. ನಾನು ಟೆಸ್ಟರ್ ಒತ್ತಿ ಹಿಡಿದು ಕಾದೆ. ಸ್ವಲ್ಪ ಹೊತ್ತಿಗೆ ಬಡಿತ ಮತ್ತೆ ತೆಳ್ಳಗಾಯಿತು. ದೀಪ ಆರಿತು. ಬಡಿತ ತುಂಬಿಕೊಂಡಿತು. ದೀಪ ಹತ್ತಿತು.

ಅಮಾವಾಸ್ಯೆಯ ದಿನ ನಳ ಯಾಕೆ ಸುಮ್ಮನಿತ್ತು, ಹೊಸ ಗೀಜರ್ ಸಂಜೆ ಯಾಕೆ ಒಳ್ಳೆಯದಾಗಿತ್ತು, ಎಲ್ಲ ಒಂದೇ ಏಟಿಗೆ ತಿಳಿಯಿತು. ಕರೆಂಟ್ ಬರುತ್ತಿದ್ದದ್ದು ಗೀಜರಿನಿಂದ ಅಲ್ಲವೇ ಅಲ್ಲ, ಮಗ್ಗದಿಂದ.

ಹೆಂಡತಿ ಕೋಣೆಯಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. "ನಾ ಬರೂತನಕ ಬಚ್ಚಲಕ್ಕ ಯಾರನ್ನೂ ಬಿಡಬ್ಯಾಡ," ಅಂತ ಒದರಿ ಕೆಳಗೆ ಓಡಿದೆ.

ಮಾಲಕ ಗೋಡೆಯ ಕಡೆಯ ನಾಲ್ಕನೆಯ ಮಗ್ಗದ ಹತ್ತಿರ ಬಗ್ಗಿ ನಿಂತಿದ್ದ. ಎಳೆ ಹರಿಯುತ್ತಿದ್ದದ್ದು ಅದೇ.

"ಇದನ್ನ ಬಂದ್ ಮಾಡ್ರಿ!"

"ಆಂ?"

"ಈ ಮಗ್ಗದ ಕರೆಂಟ್ ಮ್ಯಾಲಿನ ನಳಕ್ಕ ಬರಾಕತ್ತೈತಿ!"

ಆತ ನನ್ನ ಕೈಯ ಟೆಸ್ಟರ್ ನೋಡಿದ, ನನ್ನ ಮುಖ ನೋಡಿದ. "ಸಾವ್ಕಾರ್ರ, ಮೊದಲ ಗೀಜರ್ ಅಂದ್ರಿ. ಈಗ ಮಗ್ಗ. ನಾಳೆ ನಮ್ಮ ಎಮ್ಮಿ ಅಂತೀರಿ. ಸಂಜಿಗೆ ಮಾಲು ಕೊಡಬೇಕು ನಾ. ಸಂಜಿಗೆ ನೋಡೂಣು."

"ಸಂಜಿಗೆ ಮಗ್ಗ ನಿಂತಿರ್ತೈತಿ, ಏನ್ ನೋಡ್ತೀರಿ? ಈಗ ಬರ್ರಿ ಮ್ಯಾಲೆ, ಕಣ್ಣಿಲೆ ತೋರಸ್ತೇನಿ!"

"ಇದರ ಮುಂದಿಂದ ನಾ ಸರಿದ್ರ ಎಳಿ ಹರೀತೈತ್ರಿ..."

ನಾನು ಅವನ ರಟ್ಟೆ ಹಿಡಿದು ಬಾಗಿಲವರೆಗೆ ಎಳೆದು ತಂದೆ. ಅಲ್ಲಿ ಮೆಟ್ಟಿಲ ಬುಡದಲ್ಲಿ, ಪಕ್ಕಪಕ್ಕದಲ್ಲಿ ನೇರವಾಗಿ ಬಿಟ್ಟಿದ್ದ ಒಂದು ಜೋಡಿ ಸವೆದ ಚಪ್ಪಲಿ ಕಂಡಿತು. ಆಯಿಯವು. ಒಳಗೆ ಬರುವಾಗ ಅವು ಅಲ್ಲಿ ಇರಲಿಲ್ಲ.

ಅವನೂ ನೋಡಿದ. ಅವನ ಮುಖದ ನಗೆ ಅಲ್ಲೇ ನಿಂತಿತು.

ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಬಾಣಂತಿಯ ಕೋಣೆಗೆ ಹೋಗುವ ಮೊದಲು ಕಾಲು ತೊಳೆಯಬೇಕು. ಹಾಗಾಗಿ ಆಯಿ ಯಾರಿಗೂ ಹೇಳದೆ ನೆಟ್ಟಗೆ ಬಚ್ಚಲಕ್ಕೆ ನಡೆದಿದ್ದಳು. ಅವಳಿಗೆ ಅದು ಪರರ ಮನೆಯಲ್ಲ. ಬಾಗಿಲಿಗೆ ನಾನು ತಲುಪಿದಾಗ ಸೀರೆ ಮೊಣಕಾಲವರೆಗೆ ಎತ್ತಿ ಕಟ್ಟಿ, ನೆಲದ ಮೇಲೆ ಕುಳಿತು, ಕಾಲು ಚಾಚಿ, ತಂಬಿಗೆ ಹಿಡಿದಿದ್ದಳು. ಅತ್ತ ಕೋಣೆಯಿಂದ ಹೆಂಡತಿ ಕೂಸನ್ನು ಎರಡೂ ಕೈಯಲ್ಲಿ ಹಿಡಿದು, ಆಯಿಯನ್ನು ತಡೆಯಲು ಬರುತ್ತಿದ್ದಳು.

"ಆಯೀ! ನಳ ಮುಟ್ಟಬ್ಯಾಡ!"

ಆಯಿ ತಿರುಗಿ ನನ್ನ ಬಾಯಿ ನೋಡಿ, ಬಂದೆಯಾ ಅನ್ನುವಂತೆ ತಲೆಯಾಡಿಸಿ, ನಳಕ್ಕೆ ಕೈ ಚಾಚಿದಳು.

ತಂಬಿಗೆ ಗೋಡೆಗೆ ಬಡಿದು ಉರುಳಿತು. ಆಯಿಯ ಕೈ ತಾನಾಗಿ ಸಿಡಿದು ಎದೆಗೆ ಬಂತು, ಮೈ ಪಕ್ಕಕ್ಕೆ ವಾಲಿತು. "ಯಪ್ಪಾ," ಅಂದಳು, ಸಣ್ಣ ಹುಡುಗಿಯ ದನಿಯಲ್ಲಿ. ನಾನು ಒಣ ಟವೆಲ್ಲಿನಿಂದ ಹಿಡಿದು ಎಳೆದು ಹೊಸ್ತಿಲಾಚೆ ತಂದೆ. ಹೆಂಡತಿ ಕೂಸನ್ನು ಅವಚಿಕೊಂಡು ಗೋಡೆಗೆ ಅಂಟಿ ನಿಂತುಬಿಟ್ಟಿದ್ದಳು. ಅವಳ ಮತ್ತು ಆ ನಳದ ನಡುವೆ ಒಂದು ಮಾರೂ ಇರಲಿಲ್ಲ. ಒಳಗಿನಿಂದ ತಂಗಿ "ಅಣ್ಣಾ, ಕೂಸು? ಕೂಸು?" ಅಂತ ಕೂಗುತ್ತಿದ್ದಳು.

ಮಾಲಕ ಬಾಗಿಲಲ್ಲಿ ನಿಂತಿದ್ದ. ಅವನ ಕೈಯಲ್ಲಿ ಹರಿದ ಎಳೆಯ ತುದಿ ಇನ್ನೂ ಇತ್ತು.

ಆಯಿ ಉಸಿರು ತೆಗೆದುಕೊಂಡಳು. ಬೆರಳು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿಕೊಂಡಳು. ನಾನು ಟೆಸ್ಟರ್ ತೋರಿಸಿದೆ, ಕೆಳಗೆ ಕೈ ಮಾಡಿ ಮಗ್ಗ ತೋರಿಸಿದೆ. ಜೀವಮಾನವೆಲ್ಲ ಕೈಸನ್ನೆಯಲ್ಲೇ ಮಾತಾಡಿದವಳಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಮಗನ ಕಡೆ ತಿರುಗಿದಳು.

"ಮಗ್ಗ ಬಂದ್ ಮಾಡು."

"ಯವ್ವಾ, ನಾಕನೇದ್ ಬಂದ್ ಮಾಡ್ತೇನಿ. ಉಳದಾವು ಇರಲಿ, ಸಂಜಿಗೆ ಮಾಲು..."

"ಇವತ್ತ ಅಮಾಸಿ," ಅಂದಳು ಆಯಿ.

"ಯವ್ವಾ, ಅಮಾಸಿ ಮೊನ್ನೆ ಆತಲ್ಲ."

"ನನ್ನ ಮನ್ಯಾಗ ಇವತ್ತ ಐತಿ. ಹೋಗು."

ಆತ ಹೋದ. ನಾವು ಅಲ್ಲೇ ಕುಳಿತು ಕೇಳಿದೆವು. ನಾಲ್ಕರ ಬಡಿತ ಮೂರಾಯಿತು, ಎರಡಾಯಿತು, ಒಂದಾಯಿತು, ಆಮೇಲೆ ಓಣಿಯ ಗುಬ್ಬಿಗಳ ಸದ್ದು ಕೇಳಿಸಿತು. ನಾನು ನಳಕ್ಕೆ ಟೆಸ್ಟರ್ ಹಚ್ಚಿದೆ, ಮತ್ತೆ ಹಚ್ಚಿದೆ, ಮತ್ತೂ ಹಚ್ಚಿದೆ. ಆಯಿ ನನ್ನನ್ನು ಮೊಣಕೈಯಿಂದ ದೂಡಿದಳು. "ಸರಿ ಆಕಡೆ. ಕೂಸಿಗೆ ಥಂಡಿ ಆಕ್ಕೈತಿ."

ಅವತ್ತು ನಾನು ಬಚ್ಚಲದ ಬಾಗಿಲ ಹೊರಗೆ ಕಾವಲುಗಾರನಂತೆ ಕುಳಿತೆ. ಸ್ಟೋವಿನ ಮೇಲೆ ಕಾಸಿದ ನೀರು ಸುರಿಯುವ ಸದ್ದು, ಕೂಸಿನ ಕಿರುಚಾಟ, ಮೂಗು ತೀಡುತ್ತ ಆಯಿ ಬೈಯುವುದು. ಪ್ರತಿ ಸಲ ನಳ ತಿರುಗಿದಾಗಲೂ ನಾನು ಕೆಳಗಿನ ಮಗ್ಗಗಳ ಕಡೆ ಕಿವಿಗೊಡುತ್ತಿದ್ದೆ.

ಮಧ್ಯಾಹ್ನಕ್ಕೆ ವೈರ್‌ಮನ್ ಬಂದ. ಈ ಸಲ ಕರೆತಂದದ್ದು ಮಾಲಕನೇ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು. ನಾಲ್ಕನೆಯ ಮಗ್ಗ ಹಳೆಯದನ್ನು ಕೊಂಡು ಕೂಡಿಸಿದ್ದು. ಅದರ ಮೋಟರಿನ ವೈರಿನ ಸಿಪ್ಪೆ ಒಂದು ಕಡೆ ಸವೆದು ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು. ಅರ್ಥಿಂಗಿಗೆ ಬೇರೆ ಕುಣಿ ತೋಡುವುದು ತಪ್ಪಲಿ ಅಂತ, ಅರ್ಥಿನ ತಂತಿಯನ್ನು ಗೋಡೆಗುಂಟ ಹಾದ ನೀರಿನ ಪೈಪಿಗೆ ಸುತ್ತಿಬಿಟ್ಟಿದ್ದರು. ಆ ಪೈಪು ಮೇಲೇರಿ ಮಾಳಿಗೆಯ ಟಾಕಿ ಮುಟ್ಟಿ, ಅಲ್ಲಿಂದ ನಮ್ಮ ಬಚ್ಚಲಕ್ಕೇ ಇಳಿಯುತ್ತಿತ್ತು. ಕೆಳಗಿನವರು ಮಗ್ಗದ ಮುಂದೆ ಒಣ ಹಲಗೆಯ ಮೇಲೆ ನಿಲ್ಲುವವರು, ಅಂಗಳದ ತೊಟ್ಟಿಯ ನೀರು ಬಳಸುವವರು, ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಮಾಲಕ ನನ್ನ ಕಡೆ ನೋಡದೆ ಕೇಳಿದ: "ಈಗ ಏನ್ ಮಾಡಬೇಕಂತೀರಿ, ಹೇಳ್ರಿ."

ಚೌಕಾಶಿಗೆ ಅಷ್ಟು ಒಳ್ಳೆಯ ಘಳಿಗೆ ನನ್ನ ಜೀವನದಲ್ಲಿ ಬಂದಿಲ್ಲ. ಬಾಡಿಗೆ, ಗೀಜರ್, ಫ್ರಿಜ್ಜಿನ ಬಾಗಿಲು, ಏನು ಕೇಳಿದರೂ ಆತ ಹೂಂ ಅನ್ನುತ್ತಿದ್ದ. ನಾನು ಕೇಳಿದ್ದು ಒಂದೇ: "ಅರ್ಥಿಂಗಿನ ಕುಣಿ ತೋಡಸ್ರಿ. ಅದು ಮುಗಿಯೂತನಕ ಆ ಮಗ್ಗ ಚಾಲೂ ಆಗಬಾರದು." ಎರಡು ಕೇಳಿದರೆ ಒಂದನ್ನು ಬಿಡಿಸಿಕೊಳ್ಳುತ್ತಾರೆ, ಅದು ಧಂದೆಯಲ್ಲಿ ಕಲಿತ ಮಾತು. ಬಿಡಬಾರದ ಒಂದು ಇದ್ದಾಗ ಅದೊಂದನ್ನೇ ಕೇಳಬೇಕು. ಅಂಗಳದಲ್ಲಿ ಕುಣಿ ತೋಡಿದರು, ಇದ್ದಿಲು ಮತ್ತು ಉಪ್ಪು ತುಂಬಿದರು. ಉಪ್ಪಿನ ಚೀಲ ನಾನೇ ಹೊತ್ತು ತಂದೆ, ಅವರು ಕಡಿಮೆ ಹಾಕಬಾರದಲ್ಲ.

ಬಾಣಂತನ ಮುಗಿದು ತಂಗಿ ಬಾದಾಮಿಗೆ ಹೊರಟ ದಿನ, ಎರೆದ ಕೈಗೆ ಸೀರೆ ಕೊಡುವ ಪದ್ಧತಿಯಂತೆ ಆಯಿಯ ಉಡಿ ತುಂಬಿದೆವು. ನಾನು ಗಂಟಿನಿಂದ ಒಳ್ಳೆಯ ರೇಷ್ಮೆ ಸೀರೆಯನ್ನೇ ತೆಗೆದೆ. ಆಯಿ ಸೆರಗನ್ನು ಬೆಳಕಿಗೆ ಹಿಡಿದು, ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ಅಂಚು ಸಣ್ಣದಾತು. ಕರೆಂಟ್ ಹೊಡಿಸಿಕೊಂಡಾಕಿ ನಾ. ದೊಡ್ಡ ಅಂಚಿನದ ತಾ."

ಕೊಟ್ಟೆ. ಕೂಸಿನ ಮೂಗು ಮಾತ್ರ ಇವತ್ತಿಗೂ ನನ್ನದೇ. ಆ ಮನೆ ಬಿಡುವಾಗ ಹೊಸ ಗೀಜರನ್ನು ಬಿಚ್ಚಿಕೊಂಡೇ ಬಂದೆ.

ಈಗ ಮನೆ ಹುಡುಕುವವರು ಯಾರೇ ಸಿಗಲಿ, ಕೇಳದಿದ್ದರೂ ನಾನು ಹೇಳುವುದಿದೆ. ನಿಮಗೂ ಹೇಳುತ್ತೇನೆ. ಮನೆಯನ್ನು ಸೂಟಿಯ ದಿನ ನೋಡಬೇಡಿ, ನಿಮಗೆ ಪುರಸೊತ್ತು ಇರುವುದು ಅವತ್ತೇ ಆದರೂ. ಕೆಳಗೆ ಗಿರಣಿ ಇರಲಿ, ಮಗ್ಗ ಇರಲಿ, ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿ ಇರಲಿ, ಅವು ಜೋರಾಗಿ ನಡೆಯುವ ಹೊತ್ತಿಗೆ ಹೋಗಿ, ಆಗಲೇ ಎಲ್ಲದರ ಗುಂಡಿ ಒತ್ತಿ. ನಳಕ್ಕೆ ನನ್ನಂತೆ ಬೆರಳು ಹಚ್ಚಿ ನೋಡಬೇಡಿ. ತಿಳಿದ ವೈರ್‌ಮನ್ನನ್ನು ಕರೆದು ಟೆಸ್ಟರ್ ಹಚ್ಚಿಸಿ, ಅರ್ಥಿಂಗಿನ ಕುಣಿ ಎಲ್ಲಿದೆ ಅಂತ ಕೇಳಿ, ಬಾಯಿಂದ ಹೇಳಿದರೆ ಒಪ್ಪದೆ ಅದರ ಮುಂದೆ ಹೋಗಿ ನಿಲ್ಲಿ. ಬಾಗಿಲು ಮುಚ್ಚದ ಫ್ರಿಜ್ಜಿನ ಮೇಲೆ ಬೇಕಾದಷ್ಟು ಚೌಕಾಶಿ ಮಾಡಿ. ಕರೆಂಟಿನ ವಿಷಯಕ್ಕೆ ಮಾತ್ರ "ಇದ್ದಂಗ ಇರಲಿ" ಅಂತ ಕೈ ಕೊಡಬೇಡಿ. ಇನ್ನೊಂದು: ಮನೆ ನೋಡಲು ಹೋಗುವಾಗ, ಆ ಬಚ್ಚಲದಲ್ಲಿ ದಿನಾ ಬರಿಗಾಲಲ್ಲಿ ಕೂರಬೇಕಾದವರು ಯಾರೋ ಅವರನ್ನು ಕರೆದುಕೊಂಡು ಹೋಗಿ. ಬಾಡಿಗೆಯ ಮಾತನ್ನು ಅವರು ಹೊರಗೆ ಬಂದು ಸೈ ಅಂದ ಮೇಲೆ ತೆಗೆಯಿರಿ.